ಒಳಗೋಡೆ ಉಳಿಸಿಕೊಂಡ ಪದಗಳು: ಡಚ್ ಭಾಷೆಯ ನಾಮಸಮಾಸಗಳ ಬಗ್ಗೆ

(ನೆದರ್‌ಲ್ಯಾಂಡ್ಸ್‌ನಲ್ಲಿ ನೆಲೆಸಿ ಡಚ್ ಕಲಿಯುತ್ತಿರುವ ಕನ್ನಡಿಗರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಾನು ಡಚ್ ಕಲಿಯಲು ತೊಡಗಿದ ಮೊದಲ ಚಳಿಗಾಲದಲ್ಲಿ, ಡಿಸೆಂಬರ್ ತಿಂಗಳ ಒಂದು ಸಂಜೆ, ಅಂಗಡಿಯೊಂದರಲ್ಲಿ ಪುಟ್ಟ ಟೊಮ್ಯಾಟೊಗಳ ಡಬ್ಬಿಯ ಮುಂದೆ ನಿಂತು ಅದರ ಹೆಸರನ್ನು ಓದಲು ಹೋಗಿ ಮುಗ್ಗರಿಸಿದೆ. ಹೆಸರು 'ಕೆರ್ಸ್ಟೊಮಾಟ್ಯೆ' ಎಂದಿತ್ತು. ಆ ತಿಂಗಳು ಅಂಗಡಿಯ ಪ್ರತಿ ಮೂಲೆಯಲ್ಲೂ 'ಕೆರ್ಸ್ಟ್', ಅಂದರೆ ಕ್ರಿಸ್‌ಮಸ್, ಎಂಬ ಪದವೇ ತೂಗುತ್ತಿದ್ದುದರಿಂದ ನನ್ನ ಕಣ್ಣು ಪದವನ್ನು ಅಲ್ಲಿಗೇ ಕತ್ತರಿಸಿತು, ಉಳಿದದ್ದು 'ಓಮಾಟ್ಯೆ'. 'ಓಮಾ' ಎಂದರೆ ಅಜ್ಜಿ, '-ಟ್ಯೆ' ಎಂಬುದು ಪುಟ್ಟದು, ಮುದ್ದಾದದ್ದು ಎಂಬ ಅರ್ಥ ಕೊಡುವ ಪ್ರತ್ಯಯ. ಹಾಗಾಗಿ ಡಬ್ಬಿಯಲ್ಲಿ ಕ್ರಿಸ್‌ಮಸ್ ಅಜ್ಜಿಯರಿದ್ದಾರೆ ಎಂದು ಓದಿಕೊಂಡೆ. ಸರಿಯಾದ ಕತ್ತರಿ ಒಂದು ವರ್ಣ ಹಿಂದೆ ಬೀಳಬೇಕಿತ್ತು: 'ಕೆರ್ಸ್' ಎಂದರೆ ಚೆರ್ರಿ ಹಣ್ಣು, 'ಟೊಮಾಟ್ಯೆ' ಎಂದರೆ ಪುಟ್ಟ ಟೊಮ್ಯಾಟೊ. ಇದು ಡಚ್ಚರೇ ತಮ್ಮ ಮಕ್ಕಳಿಗೆ ಹೇಳಿ ನಗಿಸುವ ಹಳೆಯ ಉದಾಹರಣೆ ಎಂದು ನನಗೆ ಆಮೇಲೆ ತಿಳಿಯಿತು. ಇಂದಿನ ಮಾತಿಗೆ ಈ ಡಬ್ಬಿಯೇ ಸಾಕು. ಡಚ್ ಸಮಾಸಪದವು ಬರಹದಲ್ಲಿ ಒಂದೇ ಪದ. ಆದರೆ ಬಾಯಲ್ಲಿ ಅದು ಎರಡು ಪದಗಳಾಗಿಯೇ ಉಳಿದಿರುತ್ತದೆ. ಆ ಎರಡರ ನಡುವಿನ ಗೋಡೆ ಎಲ್ಲಿದೆ ಎಂದು ಗೊತ್ತಿಲ್ಲದವನಿಗೆ ಪದ ತೆರೆದುಕೊಳ್ಳುವುದಿಲ್ಲ.

ಮುಂದುವರಿಯುವ ಮೊದಲು ಉಚ್ಚಾರದ ಬಗ್ಗೆ ಒಂದು ಮಾತು. ಡಚ್ ಪದಗಳನ್ನು ನಾನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. 'ಖ' ಎಂದು ಬರೆದಿರುವ ಕಡೆಯಲ್ಲೆಲ್ಲ ಗಂಟಲನ್ನು ಉಜ್ಜಿಕೊಂಡು ಬರುವ ಆ ಪ್ರಸಿದ್ಧ ಡಚ್ ಧ್ವನಿಯನ್ನು ಊಹಿಸಿಕೊಳ್ಳಬೇಕು. 'ಆಯ್' ಎಂದು ಬರೆದಿರುವ ಕಡೆ, ತುಟಿಯನ್ನು ಗುಂಡಗೆ ಮಾಡಿ ಹೇಳುವ, ಕನ್ನಡದಲ್ಲಿ ಇಲ್ಲದ ಒಂದು ಸಂಧ್ಯಕ್ಷರವಿದೆ. ಹಾಗೆಯೇ 'ಅಕ್ಷರ' ಎಂಬ ಮಾತನ್ನು ನಮ್ಮ ಛಂದಸ್ಸಿನವರು ಬಳಸುವ ಅರ್ಥದಲ್ಲಿ, ಒಂದು ಸ್ವರವನ್ನು ಆಧರಿಸಿದ ಉಚ್ಚಾರದ ಘಟಕ ಎಂಬ ಅರ್ಥದಲ್ಲಿ ಬಳಸುತ್ತೇನೆ. ರೋಮನ್ ಲಿಪಿಯ ಒಂದೊಂದು ಚಿಹ್ನೆಯನ್ನು 'ವರ್ಣ' ಎನ್ನುತ್ತೇನೆ.

ಡಚ್ ವ್ಯಾಕರಣದ ಪರಿಭಾಷೆಯೇ ಸಮಾಸಗಳಿಂದ ತುಂಬಿದೆ. ಅಕ್ಷರಕ್ಕೆ ಅವರು 'ಲೆಟ್ಟೆರ್‌ಖ್ರೇಪ್' ಎನ್ನುತ್ತಾರೆ: 'ಲೆಟ್ಟೆರ್' ಎಂದರೆ ವರ್ಣ, 'ಖ್ರೇಪ್' ಎಂದರೆ ಹಿಡಿ, ಒಂದು ಹಿಡಿ ವರ್ಣಗಳು. ಘಾತಕ್ಕೆ, ಅಂದರೆ ಪದದ ಒಂದು ಅಕ್ಷರವನ್ನು ಉಳಿದವುಗಳಿಗಿಂತ ಒತ್ತಿ ಹೇಳುವುದಕ್ಕೆ, 'ಕ್ಲೆಮ್‌ಟೋನ್' ಎನ್ನುತ್ತಾರೆ; ಬಿಗಿಹಿಡಿದ ಸ್ವರ. ಸಮಾಸಕ್ಕೆ 'ಸಾಮೆನ್‌ಸ್ಟೆಲ್ಲಿಂಗ್', ಅಕ್ಷರಶಃ 'ಒಟ್ಟಿಗೆ ಇಡುವುದು'. ಇದರ ಪೂರ್ವಭಾಗವಾದ 'ಸಾಮೆನ್' ನಮ್ಮ ಸಂಸ್ಕೃತದ 'ಸಮ' ಶಬ್ದದ ದೂರದ ನೆಂಟ. 'ಸಮಾಸ' ಎಂಬ ನಮ್ಮ ಪದದ ಮೂಲಾರ್ಥವೂ ಒಟ್ಟುಗೂಡಿಸುವುದೇ ಆದುದರಿಂದ, ಆಮ್‌ಸ್ಟರ್‌ಡ್ಯಾಮ್‌ನ ವೈಯಾಕರಣಿಯೂ ನಮ್ಮ ಪಂಡಿತರೂ ಒಂದೇ ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಎನ್ನಲು ಅಡ್ಡಿಯಿಲ್ಲ.

ರಚನೆಯ ಮೂಲನಿಯಮ ನಮಗೆ ಹೊಸದಲ್ಲ. ತತ್ಪುರುಷ ಸಮಾಸದಲ್ಲಿ ಉತ್ತರಪದ ಪ್ರಧಾನ ಎಂದು ನಾವು ಶಾಲೆಯಲ್ಲಿ ಕಲಿತದ್ದು ಡಚ್ಚಿಗೂ ಅನ್ವಯಿಸುತ್ತದೆ. ನಮ್ಮ 'ತಲೆನೋವು' ಒಂದು ಬಗೆಯ ನೋವು. ಅವರ 'ಹೋಫ್ಟ್‌ಪೈನ್' ಕೂಡ ತಲೆ ಮತ್ತು ನೋವು ಎಂಬ ಎರಡು ಪದಗಳಿಂದ ಅದೇ ಕ್ರಮದಲ್ಲಿ ಕಟ್ಟಿದ ನೋವು. ಆದರೆ ಡಚ್ಚಿನಲ್ಲಿ ಉತ್ತರಪದದ ಅಧಿಕಾರ ಅರ್ಥಕ್ಕಷ್ಟೇ ಸೀಮಿತವಲ್ಲ, ಲಿಂಗವನ್ನೂ ಬಹುವಚನವನ್ನೂ ಅದೇ ನಿರ್ಧರಿಸುತ್ತದೆ. ಡಚ್ ನಾಮಪದಗಳ ಮುಂದೆ 'ಡೆ' ಅಥವಾ 'ಹೆಟ್' ಎಂಬ ಉಪಪದ ಬರುತ್ತದೆಂದೂ, ಯಾವ ಪದಕ್ಕೆ ಯಾವುದು ಎಂಬುದನ್ನು ಬಾಯಿಪಾಠ ಮಾಡದೆ ಗತಿಯಿಲ್ಲವೆಂದೂ ನಿಮಗೆ ಗೊತ್ತೇ ಇದೆ. 'ವಾಟೆರ್', ನೀರು, 'ಹೆಟ್' ವರ್ಗಕ್ಕೆ ಸೇರಿದ್ದು. 'ಫ್ಲೆಸ್', ಬಾಟಲಿ, 'ಡೆ' ವರ್ಗದ್ದು. ನೀರಿನ ಬಾಟಲಿ 'ಡೆ ವಾಟೆರ್‌ಫ್ಲೆಸ್' ಆಗುತ್ತದೆ. ಬಾಟಲಿಯಲ್ಲಿ ತುಂಬಿ ಮಾರುವ ನೀರು 'ಹೆಟ್ ಫ್ಲೆಸ್ಸೆನ್‌ವಾಟೆರ್' ಆಗುತ್ತದೆ. ಪೂರ್ವಪದ ನಾಮಪದವೇ ಆಗಬೇಕೆಂದೂ ಇಲ್ಲ. ಮಲಗುವ ಕೋಣೆಯಾದ 'ಸ್ಲಾಪ್‌ಕಾಮೆರ್', ಬಟ್ಟೆ ಒಗೆಯುವ 'ವಸ್‌ಮಶೀನೆ' ಇವುಗಳಲ್ಲಿ ಧಾತುವಿದೆ. ವೇಗದ ರೈಲಾದ 'ಸ್ನೆಲ್‌ಟ್ರೈನ್'ನಲ್ಲಿ ಗುಣವಾಚಕವಿದೆ. ಬೋಳುತಲೆಯವನನ್ನು 'ಕಾಲ್‌ಕೋಪ್' ಎನ್ನುವಾಗ ಹೇಳುತ್ತಿರುವುದು ತಲೆಯ ವಿಷಯವಲ್ಲ, ಮನುಷ್ಯನ ವಿಷಯ, ನಮ್ಮ ಬಹುವ್ರೀಹಿ. ಇಷ್ಟರಲ್ಲಿ ಕನ್ನಡಿಗನಿಗೆ ಕಷ್ಟವೇನೂ ಇಲ್ಲ.

ಕಷ್ಟ ಶುರುವಾಗುವುದು ಎರಡು ಪದಗಳ ನಡುವೆ ಬಂದು ಕೂರುವ ಸಣ್ಣ ಧ್ವನಿಗಳಿಂದ. 'ಸ್ಖಾಪ್' ಎಂದರೆ ಕುರಿ. ಕುರಿ ಕಾಯುವವನು 'ಸ್ಖಾಪ್‌ಹೆರ್ಡೆರ್'. ನಡುವೆ ಏನೂ ಇಲ್ಲ. ಕುರಿಯ ಹಟ್ಟಿ 'ಸ್ಖಾಪ್ಸ್‌ಕೋಯ್'. ನಡುವೆ 'ಸ್' ಬಂತು. ಕುರಿಮಾಂಸ 'ಸ್ಖಾಪೆನ್‌ವ್ಲೇಸ್', ಈಗ 'ಎನ್' ಎಂಬ ಒಂದು ಪೂರ್ತಿ ಅಕ್ಷರವೇ ಬಂತು. ಒಂದೇ ಕುರಿ, ಮೂರು ದಾರಿ. ಇಂಥ ನಡುಧ್ವನಿಗಳು ಬಹುಮಟ್ಟಿಗೆ ಹಳೆಯ ವಿಭಕ್ತಿಪ್ರತ್ಯಯಗಳ ಅವಶೇಷಗಳು. 'ಸ್' ಒಂದು ಕಾಲದಲ್ಲಿ ಷಷ್ಠಿಯ ಗುರುತಾಗಿತ್ತು. ನಮ್ಮಲ್ಲಿ 'ಅರಸನ ಮನೆ' ಎಂಬುದು ಸಮಾಸವಾಗುವಾಗ ವಿಭಕ್ತಿ ಲೋಪವಾಗಿ 'ಅರಮನೆ' ಆಗುತ್ತದೆ. ಡಚ್ಚರು ಭಾಷೆಯ ಉಳಿದೆಡೆಯಿಂದ ವಿಭಕ್ತಿಯನ್ನು ಹೆಚ್ಚುಕಡಿಮೆ ಓಡಿಸಿ, ಸಮಾಸದ ಒಳಗೆ ಮಾತ್ರ ಅದನ್ನು ಒಣಗಿದ ರೂಪದಲ್ಲಿ ಉಳಿಸಿಕೊಂಡರು. ನಾವು ಅದನ್ನು ತೆಗೆದುಹಾಕುವ ಜಾಗದಲ್ಲೇ ಅವರು ಅದನ್ನು ಕಾಪಾಡಿದ್ದಾರೆ. 'ಕಿಂಡೆರ್‌ಬೂಕ್', ಮಕ್ಕಳ ಪುಸ್ತಕ, ಎಂಬಲ್ಲಿರುವ 'ಎರ್' ಕೂಡ ಇಂಥದೇ ಪಳೆಯುಳಿಕೆ: 'ಕಿಂಡ್' ಪದದ ಬಹುವಚನ ಒಂದಾನೊಂದು ಕಾಲದಲ್ಲಿ 'ಕಿಂಡೆರ್' ಎಂದಿತ್ತು, ಇಂದು ಅದರ ಮೇಲೆ ಮತ್ತೊಂದು ಬಹುವಚನ ಪ್ರತ್ಯಯ ಸೇರಿ 'ಕಿಂಡೆರೆನ್' ಆಗಿದೆ.

ಈ ನಡುಧ್ವನಿಗೆ ಅರ್ಥ ಹುಡುಕಲು ಹೋಗಬಾರದು ಎಂಬುದು ನನ್ನ ಅನುಭವದ ಮಾತು. 'ಎನ್' ಬಹುವಚನದಂತೆ ಕಾಣುತ್ತದೆ, ನಿಜ. 'ಬೂಕೆನ್‌ಕಸ್ಟ್', ಪುಸ್ತಕದ ಕಪಾಟು, ಎಂಬಲ್ಲಿ ಅದು ಹೊಂದುತ್ತದೆ ಕೂಡ. ಆದರೆ ಕಪಾಟಿಗಿಂತ ಹೆಚ್ಚು ಪುಸ್ತಕಗಳಿರುವ ಪುಸ್ತಕದಂಗಡಿಗೆ 'ಬೂಕ್‌ಹಂಡೆಲ್' ಎಂದೇ ಹೆಸರು, ಅಲ್ಲಿ ಬಹುವಚನವಿಲ್ಲ. ತಟ್ಟೆಯಲ್ಲಿರುವ 'ಸ್ಖಾಪೆನ್‌ವ್ಲೇಸ್' ಒಂದೇ ಕುರಿಯದ್ದಾಗಿದ್ದರೂ 'ಎನ್' ಬಿಡುವುದಿಲ್ಲ. ಹಾಗಾದರೆ ಯಾವುದಕ್ಕೆ ಯಾವುದು ಎಂದು ಡಚ್ಚರಿಗೆ ಹೇಗೆ ಗೊತ್ತಾಗುತ್ತದೆ? ಬಹುಪಾಲು, ಅದೇ ಪೂರ್ವಪದವಿರುವ ಬೇರೆ ಸಮಾಸಗಳನ್ನು ಕೇಳಿ ಕೇಳಿ. ಒಂದು ಜಾಣ ಪರೀಕ್ಷೆಯೂ ಇದೆ. 'ಡೊರ್ಪ್' ಎಂದರೆ ಹಳ್ಳಿ, 'ಸ್ಟ್ರಾಟ್' ಎಂದರೆ ಬೀದಿ. ಹಳ್ಳಿಬೀದಿ ಎಂಬುದರಲ್ಲಿ ನಡುವೆ 'ಸ್' ಇದೆಯೋ ಇಲ್ಲವೋ ಕಿವಿಗೆ ತಿಳಿಯುವುದಿಲ್ಲ, ಏಕೆಂದರೆ ಬೀದಿಯೇ 'ಸ್'ನಿಂದ ಆರಂಭವಾಗುತ್ತದೆ. ಆಗ ಬೀದಿಯನ್ನು ತೆಗೆದು ಚೌಕವನ್ನು ಇಟ್ಟು ನೋಡಬೇಕು: 'ಡೊರ್ಪ್ಸ್‌ಪ್ಲೈನ್'. ಇಲ್ಲಿ 'ಸ್' ಸ್ಪಷ್ಟವಾಗಿ ಕೇಳಿಸುವುದರಿಂದ 'ಡೊರ್ಪ್ಸ್‌ಸ್ಟ್ರಾಟ್' ಎಂದು ಎರಡು 'ಸ್' ಬರೆಯಬೇಕು.

'ಎನ್'ನ ವಿಷಯದಲ್ಲಿ ಕಿವಿಯ ಪರೀಕ್ಷೆಯೂ ನಡೆಯದು, ಏಕೆಂದರೆ ಹೆಚ್ಚಿನ ಡಚ್ಚರು ಆ ಜಾಗದ 'ನ್' ಉಚ್ಚರಿಸುವುದೇ ಇಲ್ಲ. ಬಾಣಲೆಯಲ್ಲಿ ಹುಯ್ಯುವ ಅವರ ದೋಸೆಯನ್ನು ಹೆಚ್ಚಿನವರು 'ಪನ್ನೆಕೂಕ್' ಎಂದೇ ಅನ್ನುತ್ತಾರೆ. ಈ ಕೇಳಿಸದ 'ನ್' ಇಡೀ ದೇಶವನ್ನು ಜಗಳಕ್ಕೆ ಎಳೆದದ್ದು ವಿಚಿತ್ರವಾದರೂ ಸತ್ಯ. 1954ರಲ್ಲಿ ಬಂದ ಅಧಿಕೃತ ಪದಪಟ್ಟಿ, ಅದರ ಹಸಿರು ರಕ್ಷಾಪುಟದಿಂದಾಗಿ 'ಹಸಿರು ಪುಸ್ತಕ' ಎಂದೇ ಹೆಸರಾದದ್ದು, ಅರ್ಥವನ್ನು ನೋಡಿ ಬರೆಯಿರಿ ಎಂದಿತ್ತು: ಪೂರ್ವಪದ ಬಹುತ್ವವನ್ನು ಹೇಳಲೇಬೇಕಾದ ಕಡೆ 'ನ್' ಹಾಕಿ, ಇಲ್ಲದಿದ್ದರೆ ಬೇಡ. ಒಂದು ದೋಸೆಗೆ ಒಂದೇ ಬಾಣಲೆ ಸಾಕಾದ್ದರಿಂದ 'ಪನ್ನೆಕೂಕ್'. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂ 1980ರಲ್ಲಿ ಸೇರಿ ಸ್ಥಾಪಿಸಿದ ಡಚ್ ಭಾಷಾ ಒಕ್ಕೂಟ 1995ರಲ್ಲಿ ಈ ನಿಯಮವನ್ನು ತಿರುವಿಹಾಕಿತು. ಇನ್ನು ಬಾಣಲೆ ಎಷ್ಟೆಂದು ಎಣಿಸಬೇಕಿಲ್ಲ. ಪೂರ್ವಪದದ ಬಹುವಚನ 'ಎನ್' ಒಂದರಿಂದಲೇ ಆಗುವುದಾದರೆ 'ನ್' ಬರೆಯಬೇಕು, 'ಸ್' ಸೇರಿಸಿಯೂ ಬಹುವಚನ ಮಾಡಬಹುದಾದರೆ ಬರೆಯಬಾರದು. ಹೀಗೆ ದೋಸೆ 'ಪನ್ನೆನ್‌ಕೂಕ್' ಆಯಿತು. ತರಕಾರಿಯ ಬಹುವಚನ ಎರಡೂ ಬಗೆಯಲ್ಲಿ ಆಗುವುದರಿಂದ ತರಕಾರಿ ಸೂಪು 'ಖ್ರೂಂಟೆಸೂಪ್' ಆಗಿಯೇ ಉಳಿಯಿತು. ಲೋಕದಲ್ಲಿ ಒಂದೇ ಇರುವ ಸೂರ್ಯ, ಚಂದ್ರ ಮುಂತಾದವುಗಳಿಗೆ ವಿನಾಯಿತಿ ದೊರೆತು 'ಜ಼ೊನ್ನೆಸ್ಖೈನ್' (ಬಿಸಿಲು), 'ಮಾನೆಸ್ಖೈನ್' (ಬೆಳದಿಂಗಳು) 'ನ್' ಇಲ್ಲದೆ ನಿಂತವು. ಪ್ರಾಣಿಯ ಹೆಸರಿನಿಂದ ಗಿಡದ ಹೆಸರು ಹುಟ್ಟಿದರೆ 'ನ್' ಬೇಡ ಎಂಬ ಇನ್ನೊಂದು ವಿನಾಯಿತಿಯೂ ಇತ್ತು. ಅದರ ಪ್ರಕಾರ 'ಕುದುರೆಹೂವು' ಎಂಬರ್ಥದ ಹಳದಿ ಕಾಡುಹೂವು 'ಪಾರ್ಡೆಬ್ಲೂಮ್' ಆಗಿತ್ತು. 2006ರ ಆಗಸ್ಟ್‌ನಿಂದ ಜಾರಿಗೆ ಬಂದ ಪರಿಷ್ಕರಣೆ ಆ ವಿನಾಯಿತಿಯನ್ನು ಕಿತ್ತುಹಾಕಿ 'ಪಾರ್ಡೆನ್‌ಬ್ಲೂಮ್' ಮಾಡಿತು. ಅಷ್ಟರಲ್ಲಿ ಸಾಕುಸಾಕಾಗಿದ್ದ ಹಲವು ಪತ್ರಿಕೆಗಳು ಅಧಿಕೃತ ಬರಹವನ್ನು ಒಪ್ಪದೆ, ಅದೇ ವರ್ಷ ಪ್ರತಿಯಾಗಿ ಬಂದ 'ಬಿಳಿ ಪುಸ್ತಕ'ದ ಕಡೆಗೆ ಹೋದವು. ಕೇಳಿಸದ ಒಂದು ವರ್ಣಕ್ಕಾಗಿ ಎರಡು ಬಣ್ಣದ ಪುಸ್ತಕಗಳು! ನಮ್ಮಲ್ಲಿ ಅರ್ಕಾವೊತ್ತಿನ ಬಗ್ಗೆ ನಡೆದ ವಾದಗಳನ್ನು ಕಂಡವರಿಗೆ ಇದರಲ್ಲಿ ನಗುವಂಥದ್ದು ಹೆಚ್ಚೇನೂ ಕಾಣದು.

ಈಗ ಅಕ್ಷರವಿಭಾಗಕ್ಕೆ ಬರೋಣ. ನನ್ನ ಮಟ್ಟಿಗೆ ಈ ವಿಷಯದ ತಿರುಳು ಇಲ್ಲಿದೆ. ಸಮಾಸವಲ್ಲದ ಡಚ್ ಪದದಲ್ಲಿ, ಎರಡು ಸ್ವರಗಳ ನಡುವೆ ಒಂದು ವ್ಯಂಜನ ಸಿಕ್ಕಿಕೊಂಡರೆ ಅದು ಮುಂದಿನ ಸ್ವರದ ಪಾಲು: ವಾ-ಟೆರ್. ಕನ್ನಡದ ಕಾಗುಣಿತವೂ ಅದನ್ನೇ ಮಾಡುತ್ತದೆ. ಸಮಾಸವಾದಾಗ ಕನ್ನಡ ತನ್ನ ದಾರಿಯನ್ನು ಬದಲಿಸುವುದಿಲ್ಲ: 'ಹಣ್ಣು' ಮತ್ತು 'ಎಲೆ' ಸೇರಿ 'ಹಣ್ಣೆಲೆ' ಆಗುವಾಗ ಪೂರ್ವಪದದ ಕೊನೆಯ ವ್ಯಂಜನ ಉತ್ತರಪದದ ಸ್ವರವನ್ನು ತಬ್ಬಿಕೊಂಡು 'ಣ್ಣೆ' ಎಂಬ ಒಂದೇ ಅಕ್ಷರವಾಗುತ್ತದೆ, ಎರಡು ಪದಗಳ ಗಡಿ ಆ ಅಕ್ಷರದ ಹೊಟ್ಟೆಯೊಳಗೆ ಮುಳುಗಿಹೋಗುತ್ತದೆ. ಡಚ್ ಹಾಗೆ ಮಾಡುವುದಿಲ್ಲ. ಅದು ಮೊದಲು ಸಮಾಸದ ಗಡಿಯಲ್ಲಿ ಪದವನ್ನು ಎರಡಾಗಿ ನಿಲ್ಲಿಸಿ, ಆಮೇಲೆ ಪ್ರತಿ ಭಾಗವನ್ನೂ ಅದರದರ ಪಾಡಿಗೆ ಅಕ್ಷರಗಳಾಗಿ ಒಡೆಯುತ್ತದೆ.

ಇದು ಬರೀ ಕಾಗದದ ನಿಯಮವಲ್ಲ ಎಂಬುದಕ್ಕೆ ಸಾಕ್ಷಿ ಬೇಕೆಂದರೆ ರಾತ್ರಿಯೂಟದ ಹೆಸರನ್ನು ಕೇಳಿಸಿಕೊಳ್ಳಿ. 'ಆವೊಂಡ್' ಎಂದರೆ ಸಂಜೆ, 'ಏಟೆನ್' ಎಂದರೆ ಊಟ. ಡಚ್ಚಿನಲ್ಲಿ ಅಕ್ಷರದ ಕೊನೆಗೆ ಬಂದ ಘೋಷ ವ್ಯಂಜನ ಅಘೋಷವಾಗುತ್ತದೆ. 'ಹೊಂಡ್' (ನಾಯಿ) ಎಂದು ಬರೆದರೂ 'ಹೊಂಟ್' ಎಂದೇ ಹೇಳುತ್ತಾರೆ. ಬಹುವಚನದಲ್ಲಿ 'ಹೊಂಡೆನ್' ಎಂದಾಗ ಆ 'ಡ್' ಮುಂದಿನ ಸ್ವರದ ಪಾಲಾಗಿ, ಹೊಂ-ಡೆನ್ ಎಂದು ಅಕ್ಷರದ ಮೊದಲಿಗೆ ಬರುವುದರಿಂದ ತನ್ನ ಘೋಷವನ್ನು ಮರಳಿ ಪಡೆಯುತ್ತದೆ. ಹಾಗಾದರೆ 'ಆವೊಂಡ್' ಮುಂದೆ ಸ್ವರದಿಂದ ಆರಂಭವಾಗುವ 'ಏಟೆನ್' ಬಂದಾಗ 'ಆವೊಂ-ಡೇಟೆನ್' ಆಗಬೇಕಲ್ಲವೇ? ಆಗುವುದಿಲ್ಲ. ಎಲ್ಲರ ಬಾಯಲ್ಲೂ ಅದು 'ಆವೊಂಟ್-ಏಟೆ'. ಪಕ್ಕದಲ್ಲೇ ಸ್ವರ ಕಾದು ನಿಂತಿದ್ದರೂ 'ಡ್' ಅದರ ಬಳಿಗೆ ಹೋಗದೆ, ಗೋಡೆಯ ಈಚೆಯೇ ಉಳಿದು, ಕೊನೆಯಲ್ಲಿರುವ ವ್ಯಂಜನಕ್ಕೆ ಆಗುವ ಗತಿಯನ್ನೇ ಪಡೆದು 'ಟ್' ಆಗುತ್ತದೆ. ಆ ಗೋಡೆ ಕಾಣುವುದಿಲ್ಲ, ಕೇಳಿಸುತ್ತದೆ. ಕನ್ನಡಿಗರಾದ ನಾವು ಈ ಪದವನ್ನು ಹೇಳುವಾಗ ಸಂಧಿ ಮಾಡುವ ನಮ್ಮ ಅಭ್ಯಾಸವೇ ಮುಂದೆ ಬಂದು 'ಆವೊಂಡೇಟೆ' ಎನ್ನುತ್ತೇವೆ. ಕೇಳುವ ಡಚ್ಚನಿಗೆ ಒಂದು ಕ್ಷಣ ಪದವೇ ಸಿಗುವುದಿಲ್ಲ.

ನಡುಧ್ವನಿ ಈ ಗೋಡೆಯ ಯಾವ ಬದಿಯಲ್ಲಿದೆ? ಯಾವಾಗಲೂ ಎಡಬದಿಯಲ್ಲಿ. ಹಂದಿಮಾಂಸ 'ವರ್-ಕೆನ್ಸ್-ವ್ಲೇಸ್', 'ಸ್' ಮಾಂಸದ ಕಡೆಗೆ ಹೋಗದು. ಬೆಳದಿಂಗಳಿಗೆ ಇರುವ ಎರಡು ಹೆಸರುಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಇದು ಕಣ್ಣಿಗೇ ಕಾಣುತ್ತದೆ. 'ಮಾನ್‌ಲಿಖ್ಟ್' ಎಂಬಲ್ಲಿ ಚಂದ್ರ ಒಂಟಿ ಅಕ್ಷರ, ವ್ಯಂಜನದಿಂದ ಮುಚ್ಚಿದ ಅಕ್ಷರ; ಅದರ ದೀರ್ಘ ಸ್ವರವನ್ನು ತೋರಿಸಲು ರೋಮನ್ ಲಿಪಿಯಲ್ಲಿ 'ಎ' ವರ್ಣವನ್ನು ಎರಡು ಬಾರಿ ಬರೆಯಬೇಕು. 'ಮಾನೆಸ್ಖೈನ್' ಎಂಬಲ್ಲಿ ನಡುವಿನ ಸ್ವರ ಚಂದ್ರನನ್ನು 'ಮಾ-ನೆ' ಎಂದು ಎರಡಕ್ಷರ ಮಾಡುತ್ತದೆ. ಮೊದಲ ಅಕ್ಷರ ತೆರೆದುಕೊಳ್ಳುವುದರಿಂದ ಅದೇ ದೀರ್ಘಕ್ಕೆ ಈಗ ಒಂದೇ ವರ್ಣ ಸಾಕು.

ಗೋಡೆ ಕಣ್ಣಿಗೆ ಕಾಣದ ಬರಹದಲ್ಲಿ ಮೋಜುಗಳೂ ಆಗುತ್ತವೆ. 'ವಲ್-ಕಾಯ್ಲ್' ಎಂದು ಒಡೆದರೆ ಬೀಳಿಸಲು ತೋಡಿದ ಗುಂಡಿ, 'ವಲ್ಕ್-ಆಯ್ಲ್' ಎಂದು ಒಡೆದರೆ ಡೇಗೆ ಮತ್ತು ಗೂಬೆ. 'ಡೈಕ್-ರಂಪ್' ಕಡಲ ಒಡ್ಡು ಒಡೆದ ದುರಂತ, 'ಡೈ-ಕ್ರಂಪ್' ತೊಡೆಯ ಸೆಳೆತ. ಸಮುದ್ರಮಟ್ಟಕ್ಕಿಂತ ಕೆಳಗೆ ಬದುಕುವ ಜನ ಈ ಎರಡನೆಯ ಜೋಡಿಗೆ ನಗುತ್ತಾರೆಂಬುದನ್ನು ನಾನು ಮೆಚ್ಚುತ್ತೇನೆ. 'ಕ್ವರ್ಟ್-ಸ್ಲಾಖೆನ್' ಎಂದರೆ ಕಾಲು ಸುತ್ತುಗಳು, 'ಕ್ವರ್ಟ್ಸ್-ಲಾಖೆನ್' ಎಂದರೆ ಬೆಣಚುಕಲ್ಲಿನ ಪದರಗಳು. ಪತ್ರಿಕೆಯ ಕಿರಿದಾದ ಅಂಕಣದಲ್ಲಿ ಸಾಲಿನ ಕೊನೆಗೆ ಪದ ಒಡೆಯಬೇಕಾದಾಗ ಯಂತ್ರ ತಪ್ಪು ಕಡೆ ಕತ್ತರಿ ಹಾಕಿದರೆ ಓದುಗ ಗುಂಡಿಯಿಂದ ಗೂಬೆಗೆ ಹಾರುತ್ತಾನೆ.

ಗೋಡೆಯಿದ್ದರೂ ಅಕ್ಕಪಕ್ಕದ ಧ್ವನಿಗಳು ಒಂದರ ಮೇಲೊಂದು ಪ್ರಭಾವ ಬೀರದೆ ಇರುವುದಿಲ್ಲ. 'ಜ಼ಕ್' (ಜೇಬು) ಮತ್ತು 'ಡೂಕ್' (ಬಟ್ಟೆ) ಸೇರಿ ಕರವಸ್ತ್ರವಾದಾಗ 'ಜ಼ಗ್‌ಡೂಕ್' ಎಂದು ಹೇಳುತ್ತಾರೆ. ಮುಂದಿನ 'ಡ್' ಹಿಂದಿನ 'ಕ್'ಗೆ ಘೋಷ ಕೊಟ್ಟಿತು. 'ವೂಟ್' ಮತ್ತು 'ಬಲ್' ಸೇರಿದ ಕಾಲ್ಚೆಂಡು ಬಾಯಲ್ಲಿ 'ವೂಡ್‌ಬಲ್'. ಡಚ್ಚಿನ ಸ್ವಂತ ಪದಗಳಲ್ಲಿ ನಮ್ಮ 'ಗ' ಇಲ್ಲವೇ ಇಲ್ಲ. ಕರವಸ್ತ್ರದಂಥ ಸಂದಿಯಲ್ಲಿ ಮಾತ್ರ ಅದು ಇಣುಕುತ್ತದೆ. ಉತ್ತರಪದ 'ವ್', 'ಜ಼್' ಇಂಥ ಊಷ್ಮ ಧ್ವನಿಯಿಂದ ಆರಂಭವಾದರೆ ದಿಕ್ಕು ತಿರುಗುತ್ತದೆ: 'ಹಾಯ್ಸ್' (ಮನೆ) ಮತ್ತು 'ವಾಯ್ಲ್' (ಕಸ) ಸೇರಿದಾಗ ಹಿಂದಿನ ಅಘೋಷ ಮುಂದಿನದನ್ನು ಗೆದ್ದು 'ಹಾಯ್ಸ್‌ಫಾಯ್ಲ್' ಎಂದು ಕೇಳಿಸುತ್ತದೆ. ನಮ್ಮ ಆದೇಶ ಸಂಧಿಯಲ್ಲಿ ಬದಲಾಗುವುದು ಯಾವಾಗಲೂ ಉತ್ತರಪದದ ಆದಿ: ಮಳೆ, ಕಾಲ ಸೇರಿ ಮಳೆಗಾಲ; ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ನಾವು ಈ ಬದಲಾವಣೆಯನ್ನು ಬರಹದಲ್ಲಿ ಒಪ್ಪಿಕೊಂಡೆವು. ಡಚ್ಚರು ಒಪ್ಪಲಿಲ್ಲ; ಅವರ ಬರಹದಲ್ಲಿ ಪ್ರತಿ ಪದವೂ ತನ್ನ ಒಂಟಿತನದ ಕಾಗುಣಿತವನ್ನೇ ಉಟ್ಟುಕೊಂಡು ಸಮಾಸದೊಳಗೆ ಬರುತ್ತದೆ.

ಎರಡು ಭಾಗಗಳ ಈ ಸ್ವಾತಂತ್ರ್ಯಕ್ಕೆ ಇನ್ನೊಂದು ಪುರಾವೆ ನಿಮ್ಮೂರಿನ ಅಂಗಡಿ ಬಾಗಿಲಿನ ಮೇಲೆಯೇ ಸಿಗುತ್ತದೆ. 'ಜ಼ೊನ್- ಎನ್ ಫೇಸ್ಟ್‌ಡಾಖೆನ್', ಅಂದರೆ ಭಾನುವಾರ ಮತ್ತು ಹಬ್ಬದ ದಿನಗಳು. ಭಾನುವಾರದ ಪೂರ್ತಿ ಹೆಸರು 'ಜ಼ೊನ್‌ಡಖ್', ಸೂರ್ಯನ ದಿನ. ಎರಡು ಸಮಾಸಗಳ ಉತ್ತರಪದ ಒಂದೇ ಆದಾಗ ಮೊದಲನೆಯದರಿಂದ ಅದನ್ನು ಕಳಚಿ, ಬರಿದಾದ ಜಾಗದಲ್ಲಿ ಒಂದು ಅಡ್ಡಗೆರೆ ಹಾಕುತ್ತಾರೆ. ಆ ಅಡ್ಡಗೆರೆಗೆ 'ವೆಖ್‌ಲಾಟಿಂಗ್ಸ್‌ಸ್ಟ್ರೇಪ್ಯೆ', ಬಿಟ್ಟದ್ದನ್ನು ತೋರುವ ಪುಟ್ಟ ಗೆರೆ, ಎಂದು ಹೆಸರು. ಕಡಲಬಾತು ಎಂಬ ಪದದಲ್ಲಿ 'ಜ಼ೇ' (ಕಡಲು) ಮತ್ತು 'ಏಂಡ್' (ಬಾತುಕೋಳಿ) ಸೇರಿದಾಗ ಒಂದೇ ವರ್ಣ ನಾಲ್ಕು ಬಾರಿ ಸಾಲಾಗಿ ನಿಲ್ಲುವುದರಿಂದ ನಡುವೆ ಅಂಥದೇ ಗೆರೆ ಎಳೆಯುತ್ತಾರೆ; ಇಲ್ಲಿ ಅದಕ್ಕೆ 'ಕೊಪ್ಪೆಲ್‌ಟೇಕೆನ್', ಜೋಡಿಸುವ ಗುರುತು, ಎಂದು ಹೆಸರು. ಆದರೆ ಕಡಲುಗಳು ಎಂಬ ಬಹುವಚನದಲ್ಲಿ, ಅದು ಸಮಾಸವಲ್ಲದ್ದರಿಂದ, ಗೆರೆಯಿಲ್ಲ, ವರ್ಣದ ತಲೆಯ ಮೇಲೆ ಎರಡು ಚುಕ್ಕಿ. ಪದದ ಒಳಗೆ ಗೋಡೆಯಿದೆಯೋ ಇಲ್ಲವೋ ಎಂಬುದನ್ನು ಈ ಎರಡು ಚಿಹ್ನೆಗಳು ಸಾರಿ ಹೇಳುತ್ತವೆ. ಉಳಿದಂತೆ ಸಮಾಸವನ್ನು ಬಿಡಿಸದೆ ಒಟ್ಟಿಗೇ ಬರೆಯಬೇಕು. ಇಂಗ್ಲಿಷ್ ನೋಡಿ ನಡುವೆ ಜಾಗ ಬಿಡುವ ಚಾಳಿಗೆ ಡಚ್ಚರು 'ಇಂಗ್ಲಿಷ್ ರೋಗ' ಎಂದು ಹೆಸರಿಟ್ಟಿದ್ದಾರೆ. ರೋಗ ಅರ್ಥಕ್ಕೂ ತಗಲುತ್ತದೆ: 'ಲಂಗೆಅಫ್‌ಸ್ಟಂಡ್ಸ್‌ಲೋಪೆರ್' ಎಂದು ಕೂಡಿಸಿ ಬರೆದರೆ ಬಹುದೂರದ ಓಟಗಾರ, 'ಲಂಗೆ' ಬಿಡಿಸಿ ಬರೆದರೆ ಎತ್ತರದ ಆಳು, ಅವನು ದೂರದ ಓಟಗಾರನೂ ಹೌದು.

ಇನ್ನು ಘಾತ. ಗೋಡೆ ಎರಡು ಮಾಡಿದ್ದನ್ನು ಒಂದು ಮಾಡುವುದು ಇದೇ. ಕನ್ನಡದಲ್ಲಿ ಘಾತ ಬದಲಾದರೆ ಪದ ಬದಲಾಗುವುದಿಲ್ಲ. ಡಚ್ಚಿನಲ್ಲಿ 'ಕಾನೊನ್' ಎಂಬುದರ ಮೊದಲಕ್ಷರ ಒತ್ತಿದರೆ ಒಂದು ಬಗೆಯ ಹಾಡು, ಎರಡನೆಯದನ್ನು ಒತ್ತಿದರೆ ಫಿರಂಗಿ. ಆದ್ದರಿಂದ ನಮಗೆ ಇದು ಕಿವಿಯನ್ನು ಹೊಸದಾಗಿ ಪಳಗಿಸುವ ಕೆಲಸ. ಸಮಾಸದ ಪ್ರಧಾನ ಘಾತ ಪೂರ್ವಪದಕ್ಕೆ ಸಲ್ಲುತ್ತದೆ, ಉತ್ತರಪದಕ್ಕೆ ಎರಡನೆಯ ದರ್ಜೆಯ ಘಾತ. ಅಂದರೆ ಅರ್ಥದಲ್ಲಿ ಬಲಬದಿ ಯಜಮಾನ, ದನಿಯಲ್ಲಿ ಎಡಬದಿ. 'ಪೂರ್ವಪದಕ್ಕೆ' ಎಂದೆನೇ ಹೊರತು 'ಮೊದಲಕ್ಷರಕ್ಕೆ' ಎನ್ನಲಿಲ್ಲ. ಪೂರ್ವಪದ ಒಂಟಿಯಾಗಿದ್ದಾಗ ಅದರ ಯಾವ ಅಕ್ಷರ ಘಾತ ಪಡೆಯುತ್ತಿತ್ತೋ ಸಮಾಸದಲ್ಲೂ ಅದೇ ಪಡೆಯುತ್ತದೆ. 2013ರ ತನಕ ಏಪ್ರಿಲ್ 30ರಂದು ನಡೆಯುತ್ತಿದ್ದ ರಾಣಿಯ ಹಬ್ಬ 'ಕೋನಿಂಗಿನ್ನೆಡಖ್'. ರಾಣಿ ಎಂಬ ಪದದಲ್ಲಿ ಘಾತ ಕೊನೆಯ 'ಗಿನ್' ಮೇಲಿರುವುದರಿಂದ ಹಬ್ಬದ ಹೆಸರಿನಲ್ಲೂ ಅಲ್ಲೇ. ವಿಲ್ಲೆಮ್-ಅಲೆಕ್ಸಾಂಡರ್ ಪಟ್ಟಕ್ಕೆ ಬಂದ ಮೇಲೆ, 2014ರಿಂದ, ಅದು ಏಪ್ರಿಲ್ 27ರ 'ಕೋನಿಂಗ್ಸ್‌ಡಖ್' ಆಯಿತು. ರಾಜ ಎಂಬ ಪದದ ಘಾತ 'ಕೋ' ಮೇಲೆ, ಹಬ್ಬದ್ದೂ ಅಲ್ಲೇ. ಸಿಂಹಾಸನದಲ್ಲಿ ಕೂತವರು ಬದಲಾದಾಗ ದಿನಾಂಕದೊಂದಿಗೆ ನಡುಧ್ವನಿಯೂ ಘಾತದ ಸ್ಥಾನವೂ ಬದಲಾದ ಇಂಥ ಉದಾಹರಣೆ ಪಾಠ ಹೇಳುವವನಿಗೆ ಮತ್ತೊಂದು ಸಿಗದು. ಮೇಲೆ ಹೇಳಿದ ಒಗಟುಗಳಲ್ಲಿ ಕೆಲವನ್ನು ಘಾತ ಬಿಡಿಸುತ್ತದೆ ಕೂಡ: ಬರಹದಲ್ಲಿ ಒಂದೇ ಆಗಿರುವ ಒಂದು ಪದವನ್ನು 'ಮಸ್ಸಾಝೆ-ಬೆಡ್' ಎಂದು 'ಸಾ' ಒತ್ತಿ ಓದಿದರೆ ಮಾಲೀಸಿನ ಮಂಚ, 'ಮಸ್ಸಾ-ಖೆಬೆಡ್' ಎಂದು 'ಮ' ಒತ್ತಿ ಓದಿದರೆ ಸಾಮೂಹಿಕ ಪ್ರಾರ್ಥನೆ.

ನಿಯಮ ಮುರಿಯುವವರೂ ಇದ್ದಾರೆ, ಅವರು ಊರಿನ ಗಣ್ಯರೇ. ನಗರಸಭೆಯ ಭವನವಾದ 'ಸ್ಟಟ್‌ಹಾಯ್ಸ್' ಘಾತವನ್ನು 'ಹಾಯ್ಸ್' ಮೇಲಿಡುತ್ತದೆ. ಅದರೊಳಗೆ ಕೂರುವ ಮೇಯರ್ 'ಬರ್ಖೆಮೇಸ್ಟೆರ್' 'ಮೇ' ಮೇಲೆ. ಹೊಸ ವರ್ಷವಾದ 'ನೀವ್‌ಯಾರ್', ಚಳಿಗಾಲದ ಸೊಪ್ಪಾದ 'ಬೂರೆನ್‌ಕೋಲ್', ಕೆಂಪು ಕೋಸಾದ 'ರೋಡೆಕೋಲ್' ಇವೆಲ್ಲ ಕೊನೆಯನ್ನು ಒತ್ತುತ್ತವೆ. ಕೆಂಪು ಕೋಸಿನಂಥವು ಮೂಲದಲ್ಲಿ ವಿಶೇಷಣ ಸೇರಿದ ಪದಪುಂಜಗಳು. ಪದಪುಂಜದಲ್ಲಿ ಘಾತ ಕೊನೆಗೆ ಬೀಳುವುದರಿಂದ, ಕೂಡಿಸಿ ಬರೆದ ಮೇಲೂ ಹಳೆಯ ತಾಳ ಹೋಗಿಲ್ಲ. ಸ್ಥಳನಾಮಗಳದ್ದು ಬೇರೆಯೇ ಸಂಪ್ರದಾಯ. ಆಮ್‌ಸ್ಟೆಲ್ ನದಿಗೆ ಕಟ್ಟಿದ ಅಣೆಯಿಂದ ಹೆಸರು ಪಡೆದ ಆಮ್‌ಸ್ಟರ್‌ಡ್ಯಾಮ್ ಎಂಬ ಊರಿನ ಹೆಸರಿನಲ್ಲಿ ಡಚ್ಚರು ಒತ್ತುವುದು ಅಣೆಯನ್ನು, ನದಿಯನ್ನಲ್ಲ. ಆ ಊರಿನಲ್ಲಿ 'ಲೈಡ್ಸೆಸ್ಟ್ರಾಟ್' ಎಂಬ ಇಕ್ಕಟ್ಟಾದ ಬೀದಿಯಲ್ಲಿ ಟ್ರಾಮ್ ಹಿಡಿದು ಹೋದರೆ ಕೊನೆಗೆ ಸಿಗುವ ಚೌಕ 'ಲೈಡ್ಸೆಪ್ಲೈನ್'. ಪೂರ್ವಪದ ಒಂದೇ. ಆದರೆ ಬೀದಿಯ ಹೆಸರಿನಲ್ಲಿ ಘಾತ 'ಲೈ' ಮೇಲೆ, ಚೌಕದ ಹೆಸರಿನಲ್ಲಿ 'ಪ್ಲೈನ್' ಮೇಲೆ. 'ಸ್ಟ್ರಾಟ್' ಎಂದು ಮುಗಿಯುವ ಹೆಸರುಗಳು ಸಾಮಾನ್ಯ ನಿಯಮಕ್ಕೆ ತಲೆಬಾಗುತ್ತವೆ. 'ಕೈಜ಼ೆರ್ಸ್‌ಖ್ರಖ್ಟ್', 'ಪ್ರಿನ್ಸೆನ್‌ಖ್ರಖ್ಟ್' ಮುಂತಾದ ಕಾಲುವೆಯ ಹೆಸರುಗಳು ಚೌಕದಂತೆಯೇ ಕೊನೆಯನ್ನು ಒತ್ತುತ್ತವೆ. ಟ್ರಾಮಿನೊಳಗಿನ ಪ್ರಕಟಣೆಯನ್ನು ಗಮನವಿಟ್ಟು ಕೇಳುವುದಕ್ಕಿಂತ ಒಳ್ಳೆಯ ಅಭ್ಯಾಸವನ್ನು ನಾನು ಹೇಳಲಾರೆ.

ಉದ್ದದ ಪದಗಳ ಬಗ್ಗೆ ಕೇಳದೆ ನೀವು ನನ್ನನ್ನು ಬಿಡುವುದಿಲ್ಲ ಎಂದು ಗೊತ್ತು. ರೋಮನ್ ಲಿಪಿಯ 49 ವರ್ಣಗಳ ಒಂದು ಪ್ರಸಿದ್ಧ ಪದವಿದೆ: 'ಕಿಂಡೆರ್‌ಕಾರ್ನಾವಲ್ಸ್‌ಒಪ್‌ಟೊಖ್ಟ್‌ವೋರ್‌ಬೆರೈಡಿಂಗ್ಸ್‌ವೆರ್ಕ್‌ಜ಼ಾಮ್‌ಹೇಡೆನ್'. ಮಕ್ಕಳ ಕಾರ್ನಿವಲ್ ಮೆರವಣಿಗೆಯ ಸಿದ್ಧತೆಯ ಕೆಲಸಗಳು ಎಂದರ್ಥ. ಇದನ್ನು ಯಾರೂ ಬಳಸುವುದಿಲ್ಲ, ಪ್ರದರ್ಶನದ ವಸ್ತು. ಆದರೂ ಬಿಚ್ಚಿ ನೋಡಿದರೆ ಇಲ್ಲಿಯ ತನಕ ಹೇಳಿದ ಎಲ್ಲವೂ ಅದರಲ್ಲಿ ಇದೆ. ಮಕ್ಕಳ ಕಾರ್ನಿವಲ್ ಒಂದು ಸಮಾಸ. ಅದಕ್ಕೆ 'ಸ್' ಹಚ್ಚಿ ಮೆರವಣಿಗೆ ಸೇರಿದರೆ ಎರಡನೆಯ ಸಮಾಸ. ಅದಕ್ಕೆ ಸಿದ್ಧತೆ ಸೇರಿದರೆ ಮೂರನೆಯದು. ಮತ್ತೊಂದು 'ಸ್' ಹಚ್ಚಿ ಕೆಲಸಗಳು ಸೇರಿದರೆ ನಾಲ್ಕನೆಯದು. ಪ್ರತಿ ಸಲವೂ ಹಿಂದಿನ ಇಡೀ ಸಮಾಸವೇ ಹೊಸ ಸಮಾಸಕ್ಕೆ ಪೂರ್ವಪದ. ಕೊನೆಯದು 'ಕೆಲಸಗಳು' ಆದ್ದರಿಂದ ಇಡೀ ಪದ ಬಹುವಚನ. ಪ್ರತಿ ಹಂತದಲ್ಲೂ ಘಾತ ಪೂರ್ವಪದಕ್ಕೇ ಸಲ್ಲುವುದರಿಂದ, ಅಷ್ಟು ಉದ್ದದ ರೈಲಿನಲ್ಲಿ ಪ್ರಧಾನ ಘಾತ ಬೀಳುವುದು ಎಲ್ಲಕ್ಕಿಂತ ಮುಂದಿರುವ 'ಕಿನ್' ಎಂಬ ಒಂದೇ ಅಕ್ಷರದ ಮೇಲೆ. ಅದನ್ನು ಒತ್ತಿ, ಉಳಿದ ಭಾಗಗಳನ್ನು ಅವುಗಳ ಸಣ್ಣ ಘಾತಗಳೊಂದಿಗೆ ಇಳಿಯುವ ದನಿಯಲ್ಲಿ ಹೇಳಿ ಮುಗಿಸಿದರೆ ಉಸಿರು ಕಟ್ಟುವುದಿಲ್ಲ.

ಕೊನೆಯದಾಗಿ ಆಲೂಗಡ್ಡೆಯ ವಿಷಯ. ಹಣ್ಣಿನ ಅಂಗಡಿಯಲ್ಲಿ ಹಾಗೇ ಕಚ್ಚಿ ತಿನ್ನುವ ಸೇಬಿಗೆ 'ಹಂಡ್‌ಅಪ್ಪೆಲ್', ಕೈಸೇಬು, ಎನ್ನುತ್ತಾರೆ. ಬಾಯಲ್ಲಿ ಅದು 'ಹಂಟ್-ಅಪ್ಪೆಲ್', ರಾತ್ರಿಯೂಟದಂತೆಯೇ 'ಡ್' ಗೋಡೆಯ ಈಚೆ ನಿಂತು 'ಟ್' ಆಗುತ್ತದೆ. ಆಲೂಗಡ್ಡೆ 'ಆರ್ಡ್‌ಅಪ್ಪೆಲ್', ಭೂಮಿಸೇಬು. ಇದೂ ಹಾಗೆಯೇ 'ಆರ್ಟ್-ಅಪ್ಪೆಲ್' ಆಗಬೇಕಿತ್ತು. ಆದರೆ ಪದೇ ಪದೇ ತಿನ್ನುವ ವಸ್ತುವಿನ ಹೆಸರಿನೊಳಗೆ ಭೂಮಿ ಮತ್ತು ಸೇಬನ್ನು ಕೇಳಿಸಿಕೊಳ್ಳುವ ವ್ಯವಧಾನ ಯಾರಿಗೂ ಉಳಿದಿಲ್ಲ. ಎಲ್ಲರೂ 'ಆರ್-ಡಪ್ಪೆಲ್' ಎನ್ನುತ್ತಾರೆ; 'ಡ್' ತನ್ನ ಘೋಷದೊಂದಿಗೆ ಆಚೆಯ ಸ್ವರವನ್ನು ಸೇರಿಕೊಂಡಿದೆ, ನಮ್ಮ ಹಣ್ಣೆಲೆಯಂತೆ. ಗೋಡೆ ಬಿದ್ದಿದೆ. ಕನ್ಯೆ ಎಂಬರ್ಥದ ಹಳೆಯ 'ಯೊಂಕ್‌ವ್ರೌ' ಸವೆದು 'ಯಫ್ರೌ' ಆಗಿ ಇಂದು ಶಾಲೆಯ ಟೀಚರಮ್ಮನ ಹೆಸರಾಗಿರುವುದು, ಹಣ್ಣಿನ ತೋಟವಾದ 'ಬೋಮ್‌ಖಾರ್ಡ್' ಎಂಬ ತೆರೆದ ಸಮಾಸದ ಪಕ್ಕದಲ್ಲೇ ಅದರ ಸವೆದ ತಮ್ಮ 'ಬೊಂಗೆರ್ಡ್' ಬದುಕಿರುವುದು, ಇದೇ ದಾರಿಯ ಮುಂದಿನ ನಿಲ್ದಾಣಗಳು. ಆದರೆ ಸಾಲಿನ ಕೊನೆಯಲ್ಲಿ ಆಲೂಗಡ್ಡೆಯನ್ನು ಒಡೆಯಬೇಕಾಗಿ ಬಂದಾಗ ಡಚ್ ಮುದ್ರಕ ಇಂದಿಗೂ 'ಆರ್ಡ್-ಅಪ್ಪೆಲ್' ಎಂದೇ ಒಡೆಯುತ್ತಾನೆ. ಬಾಯಿ ಕೆಡವಿದ ಗೋಡೆಯನ್ನು ಕಾಗದ ಇನ್ನೂ ಕಾಯುತ್ತಿದೆ.